ತುಕ್ಕಿನ ಸಾಲು

ಮೂರನೇ ತರಗತಿಯ ಕೋಣೆಗೆ ಕಾಲಿಟ್ಟ ಮೊದಲ ದಿನವೇ ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ವಾಸನೆಯೂ ಒಂದು ಕಾರಣ, ಇಲ್ಲವೆನ್ನುವಂತಿಲ್ಲ. ಹಿಂದಿನ ಗೋಡೆಯ ಆಚೆ ಬದಿಗೇ ಮಕ್ಕಳ ಶೌಚಾಲಯ. ಗೋಡೆಯ ಬುಡದಲ್ಲಿ ತೇವ ಏರಿ ಸುಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಆದರೆ ವಾಸನೆಗೆ ಮೂಗು ಒಗ್ಗಿಕೊಳ್ಳುತ್ತದೆ, ಅರ್ಧ ಆಯುಷ್ಯ ಶಾಲೆಗಳಲ್ಲೇ ಕಳೆದ ಅವರ ಮೂಗು ಇದಕ್ಕಿಂತ ಕೆಟ್ಟದ್ದನ್ನೂ ಕಂಡಿತ್ತು. ಒಗ್ಗದೆ ಉಳಿದದ್ದು ಬೆಂಚುಗಳು.

ಮುಂದಿನ ಬೆಂಚುಗಳಿಗೆ ಹಳದಿ ಬಣ್ಣ, ಫಳಫಳ ಹೊಳೆಯುತ್ತಿತ್ತು. ನಡುವಿನವಕ್ಕೆ ಬೂದು ಬಣ್ಣ. ಹಿಂದಿನ ಬೆಂಚುಗಳಿಗೆ ಬಣ್ಣವೇ ಇಲ್ಲ, ಬರೀ ಕಬ್ಬಿಣದ ಪಟ್ಟಿ, ಅದಕ್ಕೆ ಮೈತುಂಬ ತುಕ್ಕು. ಅಲ್ಲಿ ಕೂತ ಮಕ್ಕಳೆಲ್ಲ ಗೋಡೆಗೆ ಬೆನ್ನು ಕೊಟ್ಟು, ಸ್ಲೇಟಿನ ಮೇಲೆ ತಲೆ ಬಗ್ಗಿಸಿದ್ದರು. ಹೊಸ ಟೀಚರು ಬಂದರೆ ಯಾವ ತರಗತಿಯ ಮಕ್ಕಳಾದರೂ ಕತ್ತು ಉದ್ದ ಮಾಡಿ ನೋಡುತ್ತಾರೆ. ಇವರು ನೋಡಲಿಲ್ಲ.

ಕೋಣೆ ತೋರಿಸಲು ಖುದ್ದು ಹೆಡ್ಮಾಸ್ಟರೇ ಬಂದಿದ್ದರು. ಅವರ ಅಂಗಿಯ ಮೇಲೆ ಒಂದು ಸುಕ್ಕು ಕಂಡವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಇಸ್ತ್ರಿ ಎನ್ನುತ್ತಿದ್ದರು. ಮಾತೂ ಹಾಗೆಯೇ, ಮಡಿಕೆ ಮಡಿಕೆಯಾಗಿ ಜೋಡಿಸಿಟ್ಟ ಮಾತು.

"ನೋಡಿ ಟೀಚರ್, ಎಲ್ಲರನ್ನೂ ಕಲಸಿ ಕೂರ್ಸಿದ್ರೆ ಏನಾಗುತ್ತೆ? ಓಡೋ ಮಕ್ಕಳು ನಿಂತುಬಿಡ್ತಾರೆ. ಅದಕ್ಕೇ ಈ ಪದ್ಧತಿ. ಓದು ಚೆನ್ನಾಗಿ ಬರೋರು ಚಿನ್ನದ ಸಾಲು. ಸುಮಾರಾಗಿ ಬರೋರು ಬೆಳ್ಳಿ. ಬರದೇ ಇರೋರು ಕಬ್ಬಿಣ." ಟೀಚರಮ್ಮನ ಮುಖ ನೋಡಿ ಕೈಯಲ್ಲಾಡಿಸಿದರು. "ಕಬ್ಬಿಣ ಅಂದ್ರೆ ಕೀಳು ಅಂತಲ್ಲ. ಕಬ್ಬಿಣ ಗಟ್ಟಿ!"

ತಮ್ಮ ಮಾತಿಗೆ ತಾವೇ ನಕ್ಕರು. ಹಿಂದಿನ ಸಾಲಿನವರು ನಗಲಿಲ್ಲ. ಚಿನ್ನದ ಸಾಲಿನ ಒಂದು ಹುಡುಗಿ ಮಾತ್ರ ಪಕ್ಕದವಳ ಕಿವಿಯಲ್ಲಿ, ಟೀಚರಮ್ಮನಿಗೂ ಕೇಳಿಸುವಷ್ಟು ಜೋರಾಗಿ, "ಅದು ತುಕ್ಕು ಸಾಲು" ಎಂದಳು.

ಪದ್ಧತಿಯ ಒಳಗುಟ್ಟು ಆಮೇಲೆ ತಿಳಿಯಿತು. ಒಂದನೇ ತರಗತಿ ಮುಗಿಯುವಾಗ ಇಸ್ತ್ರಿಯವರು ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಕೋಣೆಗೆ ಕರೆಸಿ, ಒಂದು ಪುಟ ಜೋರಾಗಿ ಓದಿಸುತ್ತಿದ್ದರು. ಆ ಪುಟ ಓದಿದ ರೀತಿಯ ಮೇಲೆ ಸಾಲು. ಅಲ್ಲಿ ಬಿದ್ದ ಮೊಹರು ಶಾಲೆ ಬಿಡುವವರೆಗೂ ಅಳಿಯುತ್ತಿರಲಿಲ್ಲ. ಚಿನ್ನದ ಸಾಲಿಗೆ ಕಥೆ ಪುಸ್ತಕ, ಪ್ರಶ್ನೆ, ಮಾತು, ನಗು. ಬೆಳ್ಳಿಗೆ ಪಾಠದ ಪುಸ್ತಕದ ಸಾಮೂಹಿಕ ಓದು. ತುಕ್ಕಿಗೆ ಸ್ಲೇಟಿನಲ್ಲಿ ಅಕ್ಷರ ತಿದ್ದುವುದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ, ವರ್ಷದಿಂದ ವರ್ಷಕ್ಕೆ ಅದೇ. ಕಥೆ ಪುಸ್ತಕದ ಕಪಾಟು ಮುಂದಿನ ಬೆಂಚಿನ ಪಕ್ಕಕ್ಕೇ ಇತ್ತು. ಹಿಂದಿನವರಿಗೆ ಅದು ಕಾಣುತ್ತಿತ್ತು, ಅಷ್ಟೇ.

ಮಗುವಿಗೆ ಓದಲು ಏನೂ ಕೊಡದೆ, ಅದಕ್ಕೆ ಓದು ಬರುವುದಿಲ್ಲ ಎಂದು ಷರಾ ಬರೆಯುವುದು! ಉಣ್ಣಲು ಹಾಕದೆ ಕೂಸು ಬಡಕಲು ಎಂದು ಹಂಗಿಸಿದ ಹಾಗೆ. ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಬೆಂಚುಗಳನ್ನು ಗುಂಡಗೆ ಎಳೆದು ಎಲ್ಲರನ್ನೂ ಬೆರೆಸಿ ಕೂರಿಸುವುದೆಂದು ಹೊರಟು ಒಂದು ಬೆಂಚಿಗೆ ಕೈ ಹಾಕಿದರು. ಬೆಂಚು ಜಗ್ಗಲಿಲ್ಲ. ಬಗ್ಗಿ ನೋಡಿದರೆ ಪ್ರತಿ ಕಾಲಿಗೂ ಬೋಲ್ಟು, ಬೋಲ್ಟಿನ ತಲೆಗೆ ವೆಲ್ಡಿಂಗು. ಆ ವೆಲ್ಡಿಂಗಿನ ಕೈ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮನೆಯ ಗೇಟಿಗೂ, ಕಿಟಕಿಯ ಸರಳಿಗೂ ಅದೇ ಕೈ ಬಿದ್ದಿತ್ತು.

ರಾತ್ರಿಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಶಾಲೆ ಬಿಟ್ಟವರೇ ಗಂಡನ ವರ್ಕ್‌ಶಾಪಿಗೆ ಹೋದರು. ಅವನು ಕಪ್ಪು ಕನ್ನಡಕ ಹಣೆಗೇರಿಸಿ, ಒಂದು ಏಣಿಯ ಮೆಟ್ಟಿಲನ್ನು ಉಜ್ಜುತ್ತಿದ್ದ.

"ರೀ, ನಮ್ಮ ಶಾಲೆ ಬೆಂಚಿಗೆ ಬೋಲ್ಟ್ ಹಾಕಿದ್ದು ನೀವಾ?"

"ಹೂಂ ಕಣೇ. ಹೋದ ವರ್ಷ. ಆಗಿನ್ನೂ ನಿಂಗೆ ಅಲ್ಲಿಗೆ ವರ್ಗ ಆಗಿರ್ಲಿಲ್ಲವಲ್ಲ. ಯಾಕೆ, ಅಲ್ಲಾಡ್ತಿದೆಯಾ?" ಅವನ ದನಿಯಲ್ಲಿ ಗಾಬರಿ. ತಾನು ಹಾಕಿದ ಬೋಲ್ಟು ಅಲ್ಲಾಡುವುದೆಂದರೆ ಅವನಿಗೆ ಮಾನ ಹೋದಂತೆ.

"ಅಲ್ಲಾಡ್ತಿಲ್ಲ. ಅದೇ ನನ್ನ ಸಂಕಟ. ನೆಲಕ್ಕೆ ಯಾಕೆ ಹೊಡೀಬೇಕು ಅಂತ ಕೇಳ್ಲಿಲ್ವಾ?"

"ಯಾರೋ ಟೀಚರು ಬೆಂಚು ಎಳೆದು ಸಾಲು ಕೆಡಿಸ್ತಿದ್ರಂತೆ. ಯಾರಿಂದಲೂ ಬಿಚ್ಚಕ್ಕಾಗಬಾರದು ಅಂದ್ರು. ನಾನು ಬಿಚ್ಚಕ್ಕಾಗದ ಹಾಗೆ ಮಾಡ್ದೆ." ಉಜ್ಜುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. "ಹಿಂದಿನ ಬೆಂಚಿಗೂ ಬಣ್ಣ ಹೊಡೀತೀನಿ ಅಂದೆ ಕಣೇ, ತುಕ್ಕು ಮಕ್ಕಳ ಬಟ್ಟೆಗೆ ಹತ್ತುತ್ತೆ ಅಂತ. ಅವಕ್ಕೆ ಬೇಡ, ಅವು ಹಾಗೇ ಇರ್ಲಿ ಅಂದ್ರು."

ಅವು ಹಾಗೇ ಇರಲಿ. ಟೀಚರಮ್ಮ ಆ ಮಾತನ್ನೇ ಹೊತ್ತು ಮನೆಗೆ ನಡೆದರು. ಆ ರಾತ್ರಿ ಗಂಡ ಊಟದ ತಟ್ಟೆಯನ್ನು ತಾನೇ ತೊಳೆದಿಟ್ಟ.

ಬೆಂಚು ಜರುಗದಿದ್ದರೆ ಮಕ್ಕಳು ಜರುಗಬಹುದಲ್ಲ. ಮರುದಿನ ಕೊನೆಯ ಪೀರಿಯಡ್ಡಿನಲ್ಲಿ ಟೀಚರಮ್ಮ ಕಪಾಟಿನ ಮುಂದಿನ ಖಾಲಿ ಜಾಗದಲ್ಲಿ ಚಾಪೆ ಹಾಸಿ, ಎಲ್ಲರನ್ನೂ ಬೆಂಚಿನಿಂದ ಇಳಿಸಿ ನೆಲದ ಮೇಲೆ ಗುಂಡಗೆ ಕೂರಿಸಿದರು. ಒಬ್ಬ ಚಿನ್ನದವಳ ಪಕ್ಕ ಒಬ್ಬ ತುಕ್ಕಿನವಳು, ನಡುವೆ ಒಬ್ಬ ಬೆಳ್ಳಿಯವನು. ಚಿನ್ನದವರು ಮೂಗು ಮುರಿದರು. ತುಕ್ಕಿನವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಮುದುಡಿ ಕೂತರು. ಅವರ ಲಂಗ, ಚಡ್ಡಿಗಳ ಹಿಂಬದಿಗೆಲ್ಲ ಕಂದುಬಣ್ಣದ ಪಟ್ಟೆ. ಎಷ್ಟು ಒಗೆದರೂ ಹೋಗದ ಪಟ್ಟೆ. ದಾರಿಯಲ್ಲಿ ಹೋಗುವ ಯಾರೇ ಆದರೂ ಬೆನ್ನು ನೋಡಿಯೇ ಇದು ಯಾವ ಸಾಲಿನ ಮಗು ಎಂದು ಹೇಳಬಹುದಿತ್ತು.

ತುಕ್ಕಿನವರಲ್ಲಿ ಇಬ್ಬರು ಹುಡುಗಿಯರು ಸದಾ ಅಂಟಿಕೊಂಡೇ ಇರುತ್ತಿದ್ದರು. ಒಬ್ಬಳ ಮೂಗು ಯಾವಾಗಲೂ ಸೋರುತ್ತಿದ್ದುದರಿಂದ ಅವಳು ಗೊಣ್ಣೆ. ಇನ್ನೊಬ್ಬಳು ಬೊಚ್ಚಿ. ಗೊಣ್ಣೆಯ ಹೆಸರಿಗೆ ಕಾರಣ ಕಾಣುತ್ತಿತ್ತು, ಬೊಚ್ಚಿಯ ಹೆಸರು ಮಾತ್ರ ಟೀಚರಮ್ಮನಿಗೆ ಅರ್ಥವಾಗಲಿಲ್ಲ. ಆ ಹುಡುಗಿಯ ಬಾಯ್ತುಂಬ ಅಗಲವಾದ, ಗಟ್ಟಿಮುಟ್ಟಾದ ಹಲ್ಲುಗಳಿದ್ದವು.

ಬೊಚ್ಚಿ ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಮಾತ್ರ ಶೌಚಾಲಯದ ಪಕ್ಕದ ಕಟ್ಟೆಯ ಮೇಲೆ ಕೂತು, ತುಕ್ಕಿನವರಿಗೆಲ್ಲ ಕಥೆ ಹೇಳುತ್ತಿದ್ದಳು. ಒಂದು ದಿನ ಟೀಚರಮ್ಮ ಕಂಬದ ಮರೆಗೆ ನಿಂತು ಕೇಳಿದರು. ಬೆಳಿಗ್ಗೆ, ಎಲ್ಲರೂ ಅವರವರ ಬೆಂಚಿನಲ್ಲಿದ್ದಾಗ, ಚಿನ್ನದವರಿಗೆ ಓದಿಸಿದ ನರಿಯ ಕಥೆಯೇ ಅದು. ಅರ್ಧದವರೆಗೆ ಪುಸ್ತಕದಲ್ಲಿದ್ದಂತೆ ಬಂತು. ಆಮೇಲೆ ನರಿ ಒಂದು ಬಸ್ಸು ಹತ್ತಿತು, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದಿತು, ಕಂಡಕ್ಟರನಿಗೆ ಸುಳ್ಳಿನ ಮೇಲೆ ಸುಳ್ಳು ಪೋಣಿಸಿತು. ಗೊಣ್ಣೆ ನಕ್ಕು ನಕ್ಕು ಕಟ್ಟೆಯಿಂದ ಜಾರಿದಳು.

"ಬಸ್ಸು ಎಲ್ಲಿಂದ ಬಂತೇ?" ಟೀಚರಮ್ಮ ಕೇಳಿದಾಗ ಬೊಚ್ಚಿ ಹೆದರಿ ಎದ್ದುನಿಂತಳು.

"ಮಧ್ಯದಲ್ಲಿ ಯಾರೋ ನೀರು ಬಿಟ್ರು ಮಿಸ್. ಗೋಡೆ ಆಚೆ. ಆ ಸದ್ದಲ್ಲಿ ಹಿಂದಿನ ಸಾಲಿಗೆ ಏನೂ ಕೇಳ್ಸಲ್ಲ. ಅದಕ್ಕೆ ಆಮೇಲಿಂದು ನಾನೇ ಮಾಡ್ಕೊಳ್ತೀನಿ. ದಿನಾ ಹಾಗೇನೇ."

ಇಂಥ ನಾಲಗೆಯ ಹುಡುಗಿ ಓದುವ ಪರೀಕ್ಷೆಯಲ್ಲಿ ಹೇಗೆ ಮುಗ್ಗರಿಸಿದಳು? ಉತ್ತರ ಅವಳ ತಾಯಿಯಿಂದ ಸಿಕ್ಕಿತು. ತಾಯಿ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ಮಗಳನ್ನು ಕರೆದೊಯ್ಯಲು ಬಂದವಳು, ಟೀಚರು ಕರೆದರೆಂದು ಒದ್ದೆ ಕೈ ಒರೆಸಿಕೊಳ್ಳುತ್ತ ಅಳುಕುತ್ತಲೇ ಬಂದಳು.

"ತಪ್ಪು ತಿಳ್ಕೋಬೇಡಿ ಮೇಡಂ. ಆ ವಾರಾನೇ ಅವಳ ಮುಂದಿನ ಹಲ್ಲೆಲ್ಲ ಬಿದ್ದಿತ್ತು. ಬಾಯಿ ತೆರೆದ್ರೆ ಎಲ್ಲ ಬೊಚ್ಚಿ ಬೊಚ್ಚಿ ಅಂತ ನಗ್ತಿದ್ರು. ದೊಡ್ಡ ಮೇಷ್ಟ್ರ ಮುಂದೆ ಬಾಯೇ ತೆರೀಲಿಲ್ವಂತೆ. ಹಲ್ಲು ಬಂದ್ಮೇಲೆ ಇನ್ನೊಂದ್ಸಲ ಕೇಳಿ ಸ್ವಾಮಿ ಅಂತ ನಾನೂ ಬಂದಿದ್ದೆ. ಪದ್ಧತಿ ಹಾಗಿಲ್ಲ ಅಂದ್ರು."

ಹಾಲುಹಲ್ಲು ಬಿದ್ದುದಕ್ಕೆ ಒಂದು ಮಗುವನ್ನು ತುಕ್ಕಿಗೆ ಹಾಕಿದ್ದರು. ಹಲ್ಲು ಮತ್ತೆ ಬಂದಿತ್ತು, ಸಾಲು ಬದಲಾಗಲಿಲ್ಲ. ಅಷ್ಟರಲ್ಲಿ ಬಾರದೆಂದು ಬರೆದ ಓದು ನಿಜಕ್ಕೂ ಬಾರದೇ ಹೋಗಿತ್ತು, ಏಕೆಂದರೆ ಯಾರೂ ಅವಳ ಕೈಗೆ ಪುಸ್ತಕ ಕೊಟ್ಟಿರಲಿಲ್ಲ. ಟೀಚರಮ್ಮನಿಗೆ ಎಲ್ಲಿಯಾದರೂ ಉಗಿಯಬೇಕೆನಿಸಿತು. ಇಸ್ತ್ರಿಯವರ ಅಂಗಿಯ ಮೇಲೆ ಉಗಿದರೂ ಕಲೆ ನಿಲ್ಲಲಾರದು ಎನಿಸಿ ಸುಮ್ಮನಾದರು.

ಮರುದಿನ ಅವರು ಬೊಚ್ಚಿಯಿಂದ ನರಿ ಬಸ್ಸು ಹತ್ತಿದ ಕಥೆ ಹೇಳಿಸಿ, ಅವಳ ಮಾತುಗಳನ್ನೇ ಕಪ್ಪು ಹಲಗೆಯ ಮೇಲೆ ಬರೆದರು. ಬೊಚ್ಚಿ ತನ್ನ ಮಾತಿಗೆ ತಾನೇ ಬೆರಳಿಟ್ಟು ಓದಿದಳು. ಚಿನ್ನದವರೂ ಬಾಯಿಬಿಟ್ಟುಕೊಂಡು ಕೇಳಿದರು. ಅಲ್ಲಿಂದ ಮುಂದೆ ದಿನವೂ ಚಾಪೆಯ ಮೇಲೆ ಒಬ್ಬೊಬ್ಬರ ಕಥೆ. ಓದು ಬರುವವರು ಬಾರದವರ ಪಕ್ಕ ಕೂತು ಓದಿ ತೋರಿಸಬೇಕು, ಬಾರದವರು ಕಥೆಯನ್ನು ಬೆಳೆಸಬೇಕು. ಮಳೆಗಾಲ ಕಳೆಯುವಷ್ಟರಲ್ಲಿ ಬೊಚ್ಚಿ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಕಬಳಿಸತೊಡಗಿದ್ದಳು. ಓದಿದ್ದನ್ನು ಗೊಣ್ಣೆಗೆ ಓದಿಸುತ್ತಿದ್ದಳು. ತಾನೇ ಅವಳ ಮೂಗು ಒರೆಸಿ, ಬೆರಳು ಹಿಡಿದು, ಅಕ್ಷರದ ಮೇಲೆ ಇಡಿಸುತ್ತಿದ್ದಳು. ಗೊಣ್ಣೆ ನಿಧಾನ, ಆದರೆ ನಡೆಯುತ್ತಿದ್ದಳು.

ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಮೊದಲ ದಿನ ತುಕ್ಕು ಸಾಲು ಎಂದಿದ್ದ ಚಿನ್ನದ ಹುಡುಗಿಯ ಅಪ್ಪ, ಮುಖ್ಯರಸ್ತೆಯ ಔಷಧಿ ಅಂಗಡಿಯವನು, ಹೆಡ್ಮಾಸ್ಟರ ಕೋಣೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಟೀಚರಮ್ಮನನ್ನು ಕರೆಸಿದರು.

"ನನ್ನ ಮಗಳು ಮನೆಗೆ ಬಂದು ನರಿ ಬಸ್ಸಲ್ಲಿ ಹೋಯ್ತು ಅಂತಾಳೆ ಮೇಡಂ. ಬಸ್ಸು ತೊಳೆಯೋರ ಮಕ್ಕಳ ಹತ್ರ ಕೂತು ಇದನ್ನೇ ಕಲೀಬೇಕಾ?"

"ನಿಮ್ಮ ಮಗಳು ಮೊದಲು ಬಾಯಿಪಾಠ ಒಪ್ಪಿಸ್ತಿದ್ಲು. ಈಗ ಓದಿದ್ದನ್ನ ತನ್ನ ಮಾತಲ್ಲಿ ಹೇಳ್ತಾಳೆ" ಎಂದರು ಟೀಚರಮ್ಮ.

ಅವನಿಗೆ ಅದು ಕಿವಿಗೇ ಬೀಳಲಿಲ್ಲ. ಅವನು ಹೋದ ಮೇಲೆ ಇಸ್ತ್ರಿಯವರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿ ವಿಷಯಕ್ಕೆ ಬಂದರು. ಮುಂದಿನ ವಾರ ಮೇಲಿನಿಂದ ಸಮಿತಿ ಬರಲಿದೆ. ಅವರು ಒಪ್ಪಿದರೆ ಕಬ್ಬಿಣದ ಸಾಲನ್ನೇ ಪ್ರತ್ಯೇಕ ವಿಭಾಗ ಮಾಡುವುದು. ಶೌಚಾಲಯದ ಹಿಂದಿನ ಹಳೆ ಸಾಮಾನಿನ ಕೋಣೆ ಖಾಲಿ ಇದೆ. ಅವರನ್ನು ನೋಡಿಕೊಳ್ಳಲು ಆಯಾ ಸಾಕು.

"ಆಯಾ ಓದು ಕಲಿಸ್ತಾಳಾ ಸರ್?"

"ಅವರು ಕಲಿಯೋದಾದ್ರೆ ತಾನೇ ಕಲಿಸೋ ಪ್ರಶ್ನೆ."

ಟೀಚರಮ್ಮ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಕಲೀತಾರೆ. ಸಮಿತಿ ಮುಂದೆ ಓದಿಸಿ ತೋರಿಸ್ತೀನಿ."

"ಎಲ್ಲರನ್ನೂ ಓದಿಸೋಕೆ ಸಮಿತಿಗೆ ಪುರುಸೊತ್ತೆಲ್ಲಿದೆ? ಒಬ್ಬಳನ್ನ ತೋರ್ಸಿ, ಸಾಕು. ಅವಳು ಓದಿದ್ರೆ ಮುಂದಿಂದು ಯೋಚನೆ ಮಾಡೋಣ. ಆದರೆ ಅವತ್ತು ಚಾಪೆ ಗೀಪೆ ಬೇಡ. ಎಲ್ಲರೂ ಅವರವರ ಸಾಲಲ್ಲಿ."

ಯೋಚನೆ ಮಾಡೋಣ ಎಂಬ ಮಾತನ್ನು ಟೀಚರಮ್ಮ ನಂಬಿದರು. ಇಷ್ಟು ವರ್ಷ ಸರ್ವೀಸು ಮಾಡಿಯೂ ನಂಬಿದರು. ಬೊಚ್ಚಿ ಓದಿಬಿಟ್ಟರೆ ಸಾಕು, ಇಡೀ ಸಾಲು ಉಳಿಯುತ್ತದೆ, ಬೆಂಚೂ ಬೋಲ್ಟೂ ಎಲ್ಲ ಸುಳ್ಳೆಂದು ತೋರಿಹೋಗುತ್ತದೆ ಎಂದುಕೊಂಡರು. ಒಂದು ವಾರ ಬೊಚ್ಚಿಯನ್ನು ತಮ್ಮ ಮನೆಗೇ ಕರೆಸಿಕೊಂಡು ಓದಿಸಿದರು. ಆ ವಾರ ಗೊಣ್ಣೆಯ ಪಕ್ಕ ಯಾರೂ ಕೂರಲಿಲ್ಲ. ಅದನ್ನು ಅವರು ಆಗ ಗಮನಿಸಲಿಲ್ಲ.

ಗಂಡ ಒಂದು ಸಂಜೆ ಬಾಗಿಲಲ್ಲಿ ನಿಂತು ಆ ಹುಡುಗಿಯ ಓದನ್ನು ಕೇಳಿದ. ಆಮೇಲೆ ಹೆಂಡತಿಗೆ ಹೇಳಿದ: "ಗ್ರೈಂಡರ್ ತಂದು ಎಲ್ಲ ಬೋಲ್ಟನ್ನೂ ಕತ್ತರಿಸಿಬಿಡ್ಲಾ? ಒಂದು ಮಧ್ಯಾಹ್ನದ ಕೆಲಸ."

"ಸುಮ್ನಿರಿ. ಸಮಿತಿ ಬಂದು ಹೋಗ್ಲಿ. ಅವರೇ ಬಿಚ್ಚಿ ಅಂತಾರೆ ನೋಡಿ" ಎಂದರು ಟೀಚರಮ್ಮ.

ಸಮಿತಿಯವರು ಬಂದ ದಿನ ಇಸ್ತ್ರಿಯವರು ಬೆಳಿಗ್ಗೆಯೇ ಕೋಣೆಗೆ ಬಂದು ಬೊಚ್ಚಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಹಿಂಬದಿಯ ಪಟ್ಟೆ ಕಂಡು ಮುಖ ಸಿಂಡರಿಸಿ, ಆಯಾಳಿಗೆ ಹೇಳಿ ಎಲ್ಲಿಂದಲೋ ಹೊಸ ಲಂಗ ತರಿಸಿ ಹಾಕಿಸಿದರು. ಹುಡುಗಿ ಆ ಲಂಗವನ್ನು ಸವರಿ ಸವರಿ ನೋಡಿಕೊಂಡಳು.

ದೊಡ್ಡವರು ಕರವಸ್ತ್ರವನ್ನು ಮೂಗಿಗಿಟ್ಟುಕೊಂಡು ಒಳಬಂದರು. ಸಾಲುಗಳನ್ನು ನೋಡಿ ತಲೆದೂಗಿದರು. ಬೊಚ್ಚಿ ಮುಂದೆ ನಿಂತು, ಅವರೇ ಆರಿಸಿಕೊಟ್ಟ ಪುಸ್ತಕದಿಂದ, ಅವರೇ ತೆರೆದ ಪುಟವನ್ನು ಓದಿದಳು. ಎಲ್ಲಿಯೂ ತಡವರಿಸಲಿಲ್ಲ. ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಕಥೆ ಮುಂದೇನಾಗಬಹುದೆಂದು ತಾನೇ ಹೇಳಿದಳು. ಸಮಿತಿಯ ಹೆಂಗಸು ಕರವಸ್ತ್ರವನ್ನೂ ಮರೆತು ಚಪ್ಪಾಳೆ ತಟ್ಟಿದಳು. ಟೀಚರಮ್ಮನ ಕಣ್ಣು ತುಂಬಿ ಬಂತು. ಈ ಮಗು ಯಾವ ಸಾಲಿನದು ಎಂದು ಕೂಗಿ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಇಸ್ತ್ರಿಯವರೇ ಹೇಳಿಬಿಟ್ಟರು.

"ಈ ಮಗು ಕಬ್ಬಿಣದ ಸಾಲಿನಲ್ಲಿತ್ತು ಮೇಡಂ. ನೋಡಿ ಪದ್ಧತಿಯ ಫಲ! ಯೋಗ್ಯತೆ ಇರೋರು ಕಬ್ಬಿಣದಿಂದಲೂ ಎದ್ದು ಬರ್ತಾರೆ. ಇವತ್ತಿನಿಂದ ಇವಳು ಚಿನ್ನ. ಉಳಿದವರದ್ದು, ಪಾಪ, ಅವರ ಶಕ್ತಿ ಅಷ್ಟೇ."

"ಸರ್, ಇವಳು ಕಲಿತದ್ದು ಸಾಲು ಮುರಿದಾಗ" ಎಂದರು ಟೀಚರಮ್ಮ. "ಚಾಪೆ ಮೇಲೆ, ಎಲ್ಲರ ಜೊತೆ..."

"ನಮ್ಮ ಟೀಚರ ಶ್ರಮವೂ ಇದೆ" ಎಂದು ಇಸ್ತ್ರಿಯವರು ಅವರ ಮಾತನ್ನೂ ಮಡಿಚಿ ಜೇಬಿಗಿಟ್ಟುಕೊಂಡರು. ಸಮಿತಿಯವರು ಟೀಚರಮ್ಮನ ಕೈಕುಲುಕಿದರು. ಪ್ರತ್ಯೇಕ ವಿಭಾಗಕ್ಕೆ ಒಪ್ಪಿಗೆ ಕೊಟ್ಟು, ತಿಂಡಿಗೆ ನಡೆದರು. ಟೀಚರಮ್ಮ ಹೊರಗಿನ ನಲ್ಲಿಗೆ ಹೋಗಿ, ಆ ಕೈಯನ್ನು ಸೋಪು ಹಾಕಿ ಉಜ್ಜಿದರು. ಅಸಹ್ಯ ಅವರ ಮೇಲೆ ಎಷ್ಟಿತ್ತೋ ತಮ್ಮ ಮೇಲೂ ಅಷ್ಟೇ ಇತ್ತು. ಸಾಕ್ಷಿ ತಂದು ಒಪ್ಪಿಸಿದ್ದು ತಾನೇ ಅಲ್ಲವೇ? ಒಬ್ಬಳನ್ನು ಆರಿಸಿ, ತೊಳೆದು, ಮುಂದೆ ನಿಲ್ಲಿಸಿದ್ದು ತಾನೇ.

ಮರುವಾರ ತುಕ್ಕಿನ ಸಾಲು ಸಾಮಾನಿನ ಕೋಣೆಗೆ ಹೋಯಿತು. ಬೆಂಚು ಕೀಳಲು ಬೇರೆ ಯಾರನ್ನೋ ಕರೆಸಿದ್ದರು, ಟೀಚರಮ್ಮನ ಗಂಡ ಬರುವುದಿಲ್ಲ ಎಂದುಬಿಟ್ಟಿದ್ದ. ಗ್ರೈಂಡರಿನ ಕಿಡಿ ಹಾರಿಸುತ್ತ ಅದೇ ಬೋಲ್ಟುಗಳನ್ನು ಕತ್ತರಿಸಿ, ಅದೇ ಬೆಂಚುಗಳನ್ನು ಆ ಕೋಣೆಯ ನೆಲಕ್ಕೆ ಮತ್ತೆ ಬಿಗಿದರು.

ಆದರೂ ಟೀಚರಮ್ಮ ಪೂರ್ತಿ ಕೈಬಿಡಲಿಲ್ಲ. ಊಟದ ಬಿಡುವನ್ನು ಯಾವ ಹೆಡ್ಮಾಸ್ಟರೂ ಸಾಲು ಮಾಡಿ ಬಿಗಿದಿರಲಿಲ್ಲ. ಬಿಡುವಿನಲ್ಲಿ ಬೊಚ್ಚಿಯೇ ಹೋಗಿ ಅವರಿಗೆ ಓದಿ ಹೇಳಲಿ, ಓದಿಸಲಿ. ಮೊದಲೂ ಕಟ್ಟೆಯ ಮೇಲೆ ಅವಳು ಮಾಡುತ್ತಿದ್ದುದು ಅದೇ ಅಲ್ಲವೇ. ಒಂದು ಕಥೆ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಕೈಹಿಡಿದು ಸಾಮಾನಿನ ಕೋಣೆಗೆ ಕರೆದೊಯ್ದರು.

ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಒಡೆದ ಬಕೆಟ್ಟು, ಒದ್ದೆ ಪೊರಕೆ, ಫಿನಾಯಿಲಿನ ಘಾಟು. ಆಯಾ ಬಾಗಿಲ ಬಳಿ ತೂಕಡಿಸುತ್ತಿದ್ದಳು. ಬೊಚ್ಚಿಯನ್ನು ಕಂಡದ್ದೇ ಗೊಣ್ಣೆಯ ಮುಖ ಅರಳಿತು. ಸ್ಲೇಟನ್ನು ಪಕ್ಕಕ್ಕೆ ತಳ್ಳಿ, ಬೆಂಚಿನ ತುದಿಗೆ ಜರುಗಿ ಜಾಗ ಬಿಟ್ಟಳು.

"ಬಾರೇ, ನರಿ ಕಥೆ ಹೇಳು."

ಬೊಚ್ಚಿ ಹೊಸಿಲ ಮೇಲೇ ನಿಂತಳು.

"ಹೋಗು ಮಗಳೇ" ಎಂದರು ಟೀಚರಮ್ಮ. "ಅವಳ ಪಕ್ಕ ಕೂತು ಓದು. ಬೆರಳು ಇಡಿಸು, ಮೊದಲು ಇಡಿಸ್ತಿದ್ದೆಯಲ್ಲ, ಹಾಗೆ."

"ಅವಳಿಗೆ ಬರಲ್ಲ ಮಿಸ್. ಅವಳು ತುಕ್ಕು."

"ನೀನೂ ಅಲ್ಲೇ ಕೂರ್ತಿದ್ದೆಯಲ್ಲೇ?"

"ನಾನು ಎದ್ದು ಬಂದೆ" ಎಂದಳು ಬೊಚ್ಚಿ. ಹೊಸ ಲಂಗವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆಳೆದುಕೊಂಡಳು. "ಅಲ್ಲಿ ಕೂತ್ರೆ ಹತ್ತುತ್ತೆ."

ಗೊಣ್ಣೆಗೆ ಬೇಸರವಾದಂತೆ ಕಾಣಲಿಲ್ಲ. ಅದು ನ್ಯಾಯವಾದ ಮಾತೆಂಬಂತೆ ತಲೆಯಾಡಿಸಿದಳು. ಆಮೇಲೆ ಬಗ್ಗಿ, ತಾನು ಬಿಟ್ಟುಕೊಟ್ಟ ಜಾಗವನ್ನು ತನ್ನ ಅಂಗಿಯ ತೋಳಿನಿಂದ ತಿಕ್ಕಿ ತಿಕ್ಕಿ ಒರೆಸತೊಡಗಿದಳು. ತೋಳು ಕಂದಾಯಿತು.

"ಒರ್ಸಿದೀನಿ ನೋಡು" ಎಂದಳು. "ಈಗ ಬಾ."

ಬೊಚ್ಚಿ ಬೆಂಚನ್ನು ನೋಡಿದಳು, ಗೊಣ್ಣೆಯ ತೋಳನ್ನು ನೋಡಿದಳು. ಪುಸ್ತಕವನ್ನು ಟೀಚರಮ್ಮನ ಕೈಗೆ ವಾಪಸ್ಸು ಕೊಟ್ಟು, ಒಂದು ಸುಕ್ಕೂ ಇಲ್ಲದ ದನಿಯಲ್ಲಿ, "ಅದು ಒರ್ಸಿದ್ರೆ ಹೋಗಲ್ಲ" ಎಂದು ಹೇಳಿ ತನ್ನ ಕೋಣೆಗೆ ಹೊರಟುಹೋದಳು.